ಕರಿ ಒಂದರ ಮನೆ

ನಮ್ಮ ಮನೆಯಲ್ಲಿ ಯಾರಿಗಾದರೂ ಬೈಗುಳ ಬೀಳುವ ಮುನ್ನ ಪೇಟಿ ನಿಲ್ಲುತ್ತಿತ್ತು. ಪೇಟಿ ಎಂದರೆ ಹಾರ್ಮೋನಿಯಂ. ನಮ್ಮ ಕಡೆ ಆ ಉದ್ದನೆಯ ಹೆಸರು ಹೇಳಿ ಯಾರೂ ಬಾಯಿ ನೋಯಿಸಿಕೊಳ್ಳುವುದಿಲ್ಲ. ಪಡಸಾಲೆಯಲ್ಲಿ ಅಪ್ಪನ ಕೈ ಪೇಟಿಯ ಮೇಲೆ ಹಾಗೇ ನಿಂತಿತೆಂದರೆ ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದೂ ನಿಲ್ಲುತ್ತಿತ್ತು. ಅಪ್ಪನ ತಾಯಿ, ನಾವೆಲ್ಲ ಆಯಿ ಎಂದು ಕರೆಯುತ್ತಿದ್ದ ಮುದುಕಿ, ಹಿಟ್ಟಿನ ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡು ಕಿವಿಗೊಟ್ಟು ಕೂಡುತ್ತಿದ್ದಳು. ಅವಳಿಗೆ ಅದೊಂದು ನಾಟಕ ನೋಡಿದಷ್ಟು ಖುಷಿ.

“ಯಾರ ಪಾಳಿ ಬಂತೋ ಯವ್ವಾ ಇವತ್ತ!”

ಪಾಳಿ ಸಾಮಾನ್ಯವಾಗಿ ಯಾರದಾದರೂ ಇರಲಿ, ನನ್ನದು ಮಾತ್ರ ಇರುತ್ತಿರಲಿಲ್ಲ. ಇದನ್ನು ಜಂಬದಿಂದಲೇ ಬರೆಯುತ್ತಿದ್ದೇನೆ. ಹನ್ನೆರಡು ತುಂಬುವವರೆಗೆ ಸ್ವರದ ವಿಷಯದಲ್ಲಿ ನಾನು ಬೈಸಿಕೊಂಡವಳೇ ಅಲ್ಲ. ರೊಟ್ಟಿ ಕರಕು ಮಾಡಿದ್ದಕ್ಕೆ, ಹಾಲು ಉಕ್ಕಿಸಿದ್ದಕ್ಕೆ, ಅವ್ವನ ಸೀರೆ ಉಟ್ಟು ಮಾಳಿಗೆಯ ಮೇಲೆ ಮೆರೆದದ್ದಕ್ಕೆ ಬೇಕಾದಷ್ಟು ಬೈಸಿಕೊಂಡಿದ್ದೇನೆ. ಸ್ವರಕ್ಕೆ ಮಾತ್ರ ಇಲ್ಲ. ಹಾಗಾಗಿ ಆ ಒಂದು ಇಪ್ಪತ್ತು ದಿನ ನನ್ನ ಪಾಲಿಗೆ ಏನಾಗಿದ್ದವು ಎಂಬುದು ಇವತ್ತಿಗೂ ನೆನಪಿದೆ.

ಬಸವನ ಬಾಗೇವಾಡಿಯಲ್ಲಿ, ಇಂಗಳೇಶ್ವರಕ್ಕೆ ಹೋಗುವ ರಸ್ತೆಗೆ ಬೆನ್ನು ಹಾಕಿದ್ದ ಮಾಳಿಗೆ ಮನೆ ನಮ್ಮದು. ಮುಂದೆ ಪಡಸಾಲೆ, ಅದರ ಹಿಂದೆ ದೇವರ ಜಗಲಿಯಿದ್ದ ನಡುಮನೆ, ಅದರಾಚೆ ಅಡುಗೆ ಮನೆ, ಕೊನೆಗೆ ಹಿತ್ತಲು. ಹೇಳಿಕೊಳ್ಳಲಿಕ್ಕೆ ಮನೆ ನಮ್ಮದು, ಆದರೆ ಪಡಸಾಲೆ ಎಂದೂ ನಮ್ಮದಾಗಿರಲಿಲ್ಲ. ಅದು ಅಪ್ಪನ ಸಂಗೀತ ಪಾಠಶಾಲೆ. ಅಲ್ಲಿ ನಾವು ಊಟಕ್ಕೆ ಕೂಡುವಂತಿಲ್ಲ, ಮಲಗುವಂತಿಲ್ಲ, ಬಂದ ನೆಂಟರನ್ನು ಕೂಡಿಸುವಂತಿಲ್ಲ. ನೆಂಟರು ಹಿತ್ತಲ ಕಡೆಯಿಂದ ಬರಬೇಕು, ಬಂದವರು ಪಿಸುಮಾತಿನಲ್ಲಿ ಮಾತಾಡಬೇಕು. ಸಿಂದಗಿಯಿಂದ ಬರುತ್ತಿದ್ದ ನನ್ನ ಸೋದರಮಾವನಿಗೆ ಪಿಸುಮಾತು ಬರುತ್ತಲೇ ಇರಲಿಲ್ಲ. ಅವನು ಬಂದ ದಿನ ಅಪ್ಪ ಪಾಠಕ್ಕೆ ರಜೆ ಕೊಟ್ಟುಬಿಡುತ್ತಿದ್ದ. ಪಾಠಶಾಲೆಯಲ್ಲಿ ನನ್ನನ್ನೂ ಸೇರಿಸಿ ಹದಿನಾಲ್ಕು ಮಕ್ಕಳು. ಕನ್ನೊಳ್ಳಿಯ ಇಬ್ಬರು, ಮಸೂತಿಯ ಶಾಂತಾ, ಇನ್ನೂ ನಾಲ್ಕೈದು ಮಂದಿ ನಮ್ಮಲ್ಲೇ ಉಂಡು, ನಡುಮನೆಯಲ್ಲಿ ಮಲಗಿ, ಊರ ಸಾಲಿಗೆ, ಅಂದರೆ ಶಾಲೆಗೆ, ಹೋಗುತ್ತಿದ್ದರು. ಉಳಿದವರು ಬೆಳಿಗ್ಗೆ ಸೈಕಲ್ಲಿನಲ್ಲಿ ಬಂದು ಹೋಗುವವರು. ಅವ್ವ ಇಂಗಳೇಶ್ವರದ ಸಾಲಿಯಲ್ಲಿ ಟೀಚರ್. ಎಂಟೂವರೆ ಬಸ್ಸಿಗೆ ಅವಳು ಹೊರಟರೆ ಮನೆಯ ಯಜಮಾನಿಕೆ ಆಯಿಗೆ. ಅಷ್ಟೂ ಮಕ್ಕಳಿಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬ್ಯಾಳಿ ಪಲ್ಯ ಮಾಡಿ ಹಾಕಿ, ಯಾರ ತಾಟಿನಲ್ಲಿ ಎಷ್ಟು ಉಳಿಯಿತು ಎಂದು ನೋಡಿ, ಉಳಿಸಿದವನ ಕಿವಿ ಹಿಂಡುವುದು ಅವಳ ಕಾಯಕ.

ಈ ಮನೆಯ ಮಾತೇ ಬೇರೆ ಇತ್ತು. ಬೇರೆಯವರ ಮನೆಯಲ್ಲಿ ಮಕ್ಕಳಿಗೆ ಬಣ್ಣ, ಹಣ್ಣುಗಳ ಹೆಸರು ಕಲಿಸಿದರೆ ನಮಗೆ ಪೇಟಿಯ ಪಟ್ಟಿಗಳ ಹೆಸರು ಕಲಿಸಿದ್ದರು. ಕರಿ ಪಟ್ಟಿ ಐದು, ಬಿಳಿ ಪಟ್ಟಿ ಏಳು. ಯಾವ ಪಟ್ಟಿಯನ್ನು ‘ಸಾ’ ಎಂದು ಹಿಡಿದು ಹಾಡುತ್ತೀಯೋ ಅದೇ ನಿನ್ನ ದನಿಯ ವಿಳಾಸ. ಪಾಠಶಾಲೆಯ ಸಾಮೂಹಿಕ ಹಾಡುಗಾರಿಕೆ ಕರಿ ಒಂದರಲ್ಲಿ. ತಂಬೂರಿ, ತಬಲಾ ಎಲ್ಲವನ್ನೂ ದಿನಾ ಬೆಳಿಗ್ಗೆ ಆ ಕರಿ ಒಂದಕ್ಕೇ ಕೂಡಿಸುತ್ತಿದ್ದರು. ಅಪ್ಪನಿಗೆ ನನ್ನ ಜೊತೆ ಆಡಲಿಕ್ಕೆ ಬರುತ್ತಿದ್ದ ಆಟವೂ ಅದೊಂದೇ. ಎಲ್ಲಿಯಾದರೂ ಏನಾದರೂ ಸದ್ದಾದರೆ ಯಾವ ಪಟ್ಟಿ ಎಂದು ಕೇಳುತ್ತಿದ್ದ. ಬಸ್ಸಿನ ಹಾರ್ನು ಬಿಳಿ ಆರು. ಅವ್ವ ಸಿಟ್ಟಿಗೆದ್ದು ಕೂಗಿದರೆ ಕರಿ ಮೂರು. ಹಬ್ಬಕ್ಕೆ ಮಾತ್ರ ಅಟ್ಟದಿಂದ ಇಳಿಯುತ್ತಿದ್ದ ಆಯಿಯ ಮದುವೆಯ ಕಂಚಿನ ಗಂಗಾಳ, ಅದೇ ಅಗಲವಾದ ಊಟದ ತಟ್ಟೆ, ಬೆರಳ ಗೆಣ್ಣಿನಿಂದ ಬಡಿದರೆ ಕರಿ ಒಂದು, ಒಂದು ಕೂದಲೆಳೆ ಅತ್ತಿತ್ತ ಇಲ್ಲ. ಪೇಟಿ ಮುಟ್ಟದೆ ನಾನು ಹೇಳಿದ್ದು ಸರಿಯೋ ತಪ್ಪೋ ಎಂದು ಅಪ್ಪ ಆಮೇಲೆ ಪೇಟಿ ನುಡಿಸಿ ನೋಡುತ್ತಿದ್ದ. ತಪ್ಪಿದ್ದು ನೆನಪಿಲ್ಲ. ಅದು ಎಲ್ಲರಿಗೂ ಬರುತ್ತದೆ ಎಂದೇ ನಾನು ತಿಳಿದಿದ್ದೆ. ನೆಲ ಎಲ್ಲಿದೆ ಎಂದು ಕಾಲಿಗೆ ಗೊತ್ತಿರುವುದಿಲ್ಲವೇ, ಹಾಗೆ.

ಅದಕ್ಕೇ ಏಳನೇ ವರ್ಷದಿಂದ ‘ಸಾ ಕೊಡುವ’ ಕೆಲಸ ನನ್ನದಾಯಿತು. ಇದು ಅಪ್ಪನ ಪಾಠಶಾಲೆಯ ಪದ್ಧತಿ, ಬೇರೆ ಎಲ್ಲಿಯೂ ನಾನು ನೋಡಿಲ್ಲ. ಬೆಳಿಗ್ಗೆ ಎಲ್ಲರೂ ಸಾಲಾಗಿ ಕೂತ ಮೇಲೆ ಯಾವ ವಾದ್ಯವೂ ನುಡಿಯಬಾರದು. ಒಬ್ಬರು ಬರೀ ನೆನಪಿನಿಂದ, ಬರೀ ಗಂಟಲಿನಿಂದ ಸಾ ಹಿಡಿಯಬೇಕು. ಅದು ಒಂದು ಉಸಿರು ನಿಂತ ಮೇಲೆ ಅಪ್ಪ ಪೇಟಿಯಲ್ಲಿ ಕರಿ ಒಂದು ಒತ್ತುತ್ತಿದ್ದ. ಎರಡೂ ಕೂಡಿ ಒಂದೇ ಆದಾಗ ಪಡಸಾಲೆಯ ಗಾಳಿಯೇ ಬೇರೆಯಾಗುತ್ತಿತ್ತು. ಅಪ್ಪ ನನ್ನ ಕಡೆ ನೋಡುತ್ತಿರಲಿಲ್ಲ, ಶಹಬ್ಬಾಸ್ ಎನ್ನುತ್ತಿರಲಿಲ್ಲ, ಸುಮ್ಮನೆ ಮುಂದುವರಿಯುತ್ತಿದ್ದ. ಅಷ್ಟೇ ಸಾಕಾಗುತ್ತಿತ್ತು ನನಗೆ.

ಮಹಾನವಮಿಯ ದಿನ ನಮ್ಮಲ್ಲಿ ಖಂಡೆ ಪೂಜೆ. ರೈತರ ಮನೆಯಲ್ಲಿ ಕುಡಗೋಲು, ಕೊಡಲಿ ಪೂಜೆಗಿಟ್ಟರೆ ನಮ್ಮಲ್ಲಿ ಪೇಟಿ, ತಬಲಾ, ತಂಬೂರಿ. ಹಿಂದಿನ ದಿನವೇ ಆಯಿ ಹಸಿ ಬಟ್ಟೆ, ಒಣ ಬಟ್ಟೆ ಹಿಡಿದು ಕೂತು ಎಲ್ಲವನ್ನೂ ಒರೆಸುತ್ತಿದ್ದಳು. ಪೂಜೆಯ ದಿನ ಯಾರೂ ಅವುಗಳನ್ನು ನುಡಿಸುವಂತಿಲ್ಲ. ಮರುದಿನ ಬನ್ನಿ ಕೊಟ್ಟು ತೆಗೆದುಕೊಳ್ಳುವುದರಲ್ಲೇ ಹೋಯಿತು. ಮೂರನೆಯ ದಿನ ಬೆಳಿಗ್ಗೆ ಎಂದಿನಂತೆ ಕೂತೆವು. ನಾನು ಕಣ್ಣು ಮುಚ್ಚಿ ಸಾ ಕೊಟ್ಟೆ. ಅಪ್ಪ ಪೇಟಿ ಒತ್ತಿದ. ಎರಡೂ ಕೂಡಲಿಲ್ಲ. ಕೂಡಲಿಲ್ಲ ಎಂದರೆ ಸಾಧಾರಣ ಅಲ್ಲ, ಹಲ್ಲಿನಲ್ಲಿ ಕಲ್ಲು ಸಿಕ್ಕ ಹಾಗೆ ಕಟ್ ಎಂದಿತು. ಪೇಟಿ ನಿಂತಿತು. ಅಡುಗೆ ಮನೆಯಲ್ಲಿ ರೊಟ್ಟಿಯೂ ನಿಂತಿತು.

“ನೀಲಾ, ಇನ್ನೊಮ್ಮೆ ಕೊಡು.”

ಕೊಟ್ಟೆ. ಮತ್ತೆ ಅದೇ. ನನ್ನದು ಅರ್ಧ ಸ್ವರ ಕೆಳಗೆ, ಪೇಟಿ ಮೇಲೆ.

“ಇಳದೈತಿ.”

“ಇಲ್ಲರಿ ಅಪ್ಪಾ, ಅಲ್ಲೇ ಐತಿ.”

“ಅಲ್ಲೇ ಐತಿ ಅಂದ್ರ? ಹಂಗಾರ ಪೇಟಿ ಸುಳ್ಳ ಹೇಳತೈತೇನು?”

ಪೇಟಿ ಸುಳ್ಳು ಹೇಳುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ದೇವರು ಇದ್ದಾನೆ ಎನ್ನುವಷ್ಟೇ ಖಚಿತ. ಮನುಷ್ಯರ ಗಂಟಲಿಗೆ ನೆಗಡಿ ಬರುತ್ತದೆ, ತಬಲಾ ಮಳೆಗೆ ಸಡಿಲಾಗುತ್ತದೆ, ತಂಬೂರಿಯ ತಂತಿ ಬಿಸಿಲಿಗೆ ಜಾರುತ್ತದೆ, ಆದರೆ ಪೇಟಿಯೊಳಗಿನ ಹಿತ್ತಾಳೆಯ ಸ್ವರ ಅಲ್ಲೇ ಇರುತ್ತದೆ. ಅದನ್ನು ಅಪ್ಪ ಸಾವಿರ ಸಲ ಹೇಳಿದ್ದ. ನಾನು ಬಾಯಿ ಮುಚ್ಚಿದೆ. ಹದಿಮೂರು ಜೊತೆ ಕಣ್ಣು ನನ್ನ ಮೇಲೆ. ಶಾಂತಾ ಮಾತ್ರ ಚಾಪೆಯ ಅಂಚು ನೋಡುತ್ತಿದ್ದಳು. ಅವಳು ಒಳ್ಳೆಯ ಹುಡುಗಿ, ಇನ್ನೊಬ್ಬರ ಅವಮಾನ ನೋಡಲಿಕ್ಕೆ ಅವಳಿಗೆ ಬರುತ್ತಿರಲಿಲ್ಲ.

ಒಂದು ದಿನ ಅಂದುಕೊಂಡದ್ದು ನಾಲ್ಕು ದಿನವಾಯಿತು. ದಿನಾ ಬೆಳಿಗ್ಗೆ ನಾನು ಸಾ ಕೊಡುವುದು, ದಿನಾ ಪೇಟಿ ಅರ್ಧ ಸ್ವರ ಮೇಲೆ ಬಂದು ಗುದ್ದುವುದು. ಅಪ್ಪನ ಬೈಗುಳ ದಿನದಿನಕ್ಕೆ ಏರಿತು. ಲಕ್ಷ್ಯ ಎಲ್ಲಿಟ್ಟಿದ್ದೀ ಎಂದ, ಸೊಕ್ಕು ಬಂದಿದೆ ಎಂದ, ಐದು ವರ್ಷ ಕಲಿಸಿದ್ದು ನೀರಿಗೆ ಹೋಯಿತು ಎಂದ. ಐದನೆಯ ದಿನ ಬೈಯಲೇ ಇಲ್ಲ. ಪೇಟಿಯನ್ನೇ ಮೊದಲು ನುಡಿಸಿ, ಅದನ್ನು ಕೇಳಿಸಿಕೊಂಡು ಸಾ ಹಿಡಿಯುವಂತೆ ಶಾಂತಾಗೆ ಹೇಳಿದ. ಪದ್ಧತಿಯೇ ತಿರುವುಮುರುವಾಯಿತು. ಶಾಂತಾ ಹಿಡಿದಳು, ಪೇಟಿಗೆ ಸರಿಯಾಗಿ ಕೂಡಿತು, ಪಾಠ ನಡೆಯಿತು. ನಾನು ಎರಡನೆಯ ಸಾಲಿಗೆ ಹೋದೆ. ಅಲ್ಲಿ ಕೂತು ಎಲ್ಲರ ಜೊತೆ ಪೇಟಿಯ ಸ್ವರಕ್ಕೆ ಹಾಡಲಿಕ್ಕೆ ನನಗೂ ಬರುತ್ತಿತ್ತು, ಆದರೆ ಹಾಡುತ್ತಿದ್ದಷ್ಟು ಹೊತ್ತೂ ಬೇರೆಯವರ ಚಪ್ಪಲಿ ಹಾಕಿಕೊಂಡು ನಡೆದಂತೆ ಇರುತ್ತಿತ್ತು. ಎರಡು ದಿನಕ್ಕೆ ಅದನ್ನೂ ಅಪ್ಪ ನಿಲ್ಲಿಸಿದ.

“ಹುಡಿಗೀರ ದನೀನೂ ಈ ವಯಸ್ಸಿನ್ಯಾಗ ಹೊಳ್ಳತೈತಿ. ಸ್ವಲ್ಪ ದಿನ ಬಾಯಿ ಬಿಡಬ್ಯಾಡ. ಗಂಟಲಿಗೆ ಆರಾಮ ಕೊಡು. ಮುದ್ದೇಬಿಹಾಳದ ಪರೀಕ್ಷೆ ಈ ಸಲ ಬ್ಯಾಡ, ಮುಂದಿನ ವರ್ಷ ನೋಡೂಣು.”

ಮುದ್ದೇಬಿಹಾಳದಲ್ಲಿ ವರ್ಷಕ್ಕೊಮ್ಮೆ ಸಂಗೀತ ಪರೀಕ್ಷೆ. ಹೋಗುವ ಆರು ಮಕ್ಕಳಲ್ಲಿ ನಾನೇ ಚಿಕ್ಕವಳು, ನನ್ನದೇ ಮೊದಲ ಹೆಸರು. ಅರ್ಜಿಯಲ್ಲಿ ಆ ಹೆಸರಿನ ಮೇಲೆ ಅಪ್ಪ ಗೆರೆ ಎಳೆದದ್ದನ್ನು ನಾನು ಬಾಗಿಲ ಮರೆಯಿಂದ ನೋಡಿದೆ. ಅಷ್ಟು ನೇರವಾದ ಗೆರೆ ಎಳೆಯಲಿಕ್ಕೆ ಸ್ಕೇಲ್ ಬಳಸಿದ್ದ. ಅದನ್ನು ನೋಡಿ ಬಂದ ಅಳುವಿಗಾಗಿ ನಾನು ಇವತ್ತಿಗೂ ಅಪ್ಪನನ್ನು ಪೂರ್ತಿ ಕ್ಷಮಿಸಿಲ್ಲ.

ಆಯಿಗೆ ಮಾತ್ರ ಇದರಲ್ಲಿ ಬೇರೆಯೇ ಲಾಭ. ದನಿ ಹೊಳ್ಳಿ ಬದಲಾಗಿದೆ ಎಂದರೆ ಹುಡುಗಿ ಇವತ್ತೋ ನಾಳೆಯೋ ದೊಡ್ಡವಳಾಗುತ್ತಾಳೆ ಎಂದು ಅವಳು ತೀರ್ಮಾನಿಸಿಬಿಟ್ಟಳು. ನನ್ನನ್ನು ಕಂಡಾಗಲೆಲ್ಲ ಮೇಲಿಂದ ಕೆಳಗೆ ಒಮ್ಮೆ ನೋಡುವುದು, ಒಣ ಕೊಬ್ಬರಿ, ಬೆಲ್ಲ ಕೈಗಿಡುವುದು, ಪಕ್ಕದ ಮನೆಯವಳ ಜೊತೆ ಗುಸುಗುಸು. ಪಾಠದ ಹೊತ್ತಿನಲ್ಲಿ ನನಗೆ ಅಡುಗೆ ಮನೆಯೇ ಗತಿ. ರೊಟ್ಟಿ ಬಡಿಯುತ್ತ ಪಡಸಾಲೆಯಿಂದ ಬರುವ ಹಾಡು ಕೇಳುತ್ತಿದ್ದೆ. ಒಂದು ವಿಚಿತ್ರ ಏನೆಂದರೆ, ಆ ದಿನಗಳಲ್ಲಿ ಮನೆತುಂಬ ಗಂಟಲು ನೋವು. ಮೇಲಿನ ಸ್ವರಕ್ಕೆ ಹೋದಾಗಲೆಲ್ಲ ಯಾರಾದರೊಬ್ಬರು ಕೆಮ್ಮುವರು, ಇನ್ನೊಬ್ಬರ ದನಿ ಕೀಚಲಾಗುವುದು. ಆಯಿ ಶುಂಠಿ, ಮೆಣಸು, ಜ್ಯೇಷ್ಠಮಧು ಕುದಿಸಿ ಕೊಡದಲ್ಲಿ ಕಷಾಯ ಮಾಡಿ ಹಂಚುತ್ತಿದ್ದಳು. ತಬಲಾ ಬಾರಿಸುವ ಬಸುವಂತೂ ಸುತ್ತಿಗೆ ಹಿಡಿದು ತಬಲಾ ಏರಿಸಿ ಏರಿಸಿ ಸುಸ್ತಾಗಿದ್ದ. ಎಲ್ಲರೂ ಹವೆಯನ್ನು ಬೈದರು. ಪೇಟಿಯನ್ನು ಯಾರೂ ಬೈಯಲಿಲ್ಲ.

ಅವ್ವನಿಗೆ ಸಂಗೀತ ಬರುತ್ತಿರಲಿಲ್ಲ, ಮಗಳು ಅರ್ಥವಾಗುತ್ತಿದ್ದಳು. ಒಂದು ಸಂಜೆ ಬಸ್ಸಿಳಿದು ಬಂದವಳು ಚೀಲವನ್ನೂ ಇಳಿಸದೆ ಪಡಸಾಲೆಯ ಹೊಸ್ತಿಲಲ್ಲಿ ನಿಂತಳು. ದನಿ ಆಗಲೇ ಕರಿ ಮೂರಿನಲ್ಲಿತ್ತು.

“ನಿಮಗ ಪೇಟಿ ಮ್ಯಾಲಿದ್ದ ಭರೋಸಾ ಮಗಳ ಮ್ಯಾಲೆ ಇಲ್ಲ ಬಿಡ್ರಿ.”

“ಸ್ವರದ ಮಾತಿನ್ಯಾಗ ಮಗಳು, ಮಂದಿ ಅನ್ನೂದ ಇರೂದಿಲ್ಲ.”

“ಹಂಗಾರ ಹುಡಿಗಿ ಯಾಕ ಬಾಯಿ ಬಿಡವಲ್ದು ಅಂತರ ನೋಡ್ರಿ. ಹಾಡೂದ ಹೋಗ್ಲಿ, ಮಾತಾಡೂದೂ ಬಿಟ್ಟೈತಿ. ಕೇಳಿದ್ರ ತಲಿ ಅಲ್ಲಾಡಸತೈತಿ.”

“ನಾನ ಹೇಳೀನಿ ಬಾಯಿ ಬಿಡಬ್ಯಾಡ ಅಂತ.”

“ಹೌದ್ರಿ, ನೀವ ಹೇಳೀರಿ. ಅದನ್ನ ನಾನೂ ಹೇಳಾಕತ್ತೇನಿ.”

ಅಪ್ಪ ಎದ್ದು ಹೊರಗೆ ಹೋದ. ಹಾಗೆ ಎದ್ದು ಹೋದದ್ದು ನನಗೆ ಆಗ ಸೊಕ್ಕಾಗಿ ಕಂಡಿತು. ಅವ್ವ ಹೇಳಿದ್ದು ನಿಜ, ನಾನು ಮಾತೂ ಬಿಟ್ಟಿದ್ದೆ. ಆದರೆ ಕಾರಣ ಅವ್ವನಿಗೂ ಗೊತ್ತಿರಲಿಲ್ಲ. ಹಾಡು ಹೋದದ್ದಕ್ಕಿಂತ ದೊಡ್ಡದೊಂದು ಹೋಗಿತ್ತು. ಬಸ್ಸಿನ ಹಾರ್ನು ಕೇಳಿದರೆ ಬಿಳಿ ಆರು ಎಂದು ಕಿವಿ ಹೇಳುತ್ತಿತ್ತು, ಅದರ ಹಿಂದೆಯೇ ‘ಯಾರಿಗೆ ಗೊತ್ತು’ ಎಂದು ಇನ್ನೊಂದು ದನಿ. ನೆನಪಿನಲ್ಲಿದ್ದ ಸಾ ಸುಳ್ಳಾದರೆ ಉಳಿದದ್ದೂ ಸುಳ್ಳೇ. ಅವ್ವ ಕರೆದಳೋ ಆಯಿ ಕರೆದಳೋ ಎಂಬುದರಲ್ಲಿಯೂ ನನಗೆ ಅನುಮಾನ ಬರತೊಡಗಿತು. ಹನ್ನೆರಡು ವರ್ಷದ ಹುಡುಗಿಗೆ ತನ್ನ ಕಿವಿಯ ಮೇಲೆ ನಂಬಿಕೆ ಹೋಗುವುದು ಎಂದರೇನು ಎಂದು ಕಿವಿ ಸರಿಯಿರುವವರಿಗೆ ಹೇಳಿ ತಿಳಿಸುವುದು ಕಷ್ಟ. ಈಗ ಇಂಡಿ ಊರಲ್ಲಿ ನನ್ನ ಹತ್ತಿರ ಹಾಡು ಕಲಿಯಲಿಕ್ಕೆ ಬರುವ ಮಕ್ಕಳು ಮೊಬೈಲಿನಲ್ಲಿ ತಂಬೂರಿ ಹಚ್ಚಿಕೊಂಡು ಕೂಡುತ್ತಾರೆ. ಮೊಬೈಲಿಗೂ ಮಗುವಿಗೂ ಕೂಡದಿದ್ದರೆ ನಾನು ಮೊದಲು ಮೊಬೈಲನ್ನು ನೋಡುತ್ತೇನೆ. ಮಕ್ಕಳು ನಗುತ್ತಾರೆ, ನಗಲಿ.

ದೀಪಾವಳಿ ಬಂತು. ಮಕ್ಕಳೆಲ್ಲ ತಂತಮ್ಮ ಊರಿಗೆ ಹೋದರು, ಪಡಸಾಲೆ ಖಾಲಿಯಾಯಿತು. ಅವ್ವನಿಗೂ ಸಾಲಿಯ ರಜೆ. ನರಕ ಚತುರ್ದಶಿಯ ಬೆಳಿಗ್ಗೆ ಎಣ್ಣೆ ಹಚ್ಚಿ ಎರೆದುಕೊಂಡದ್ದಾಗಿತ್ತು, ಅವ್ವ ಕರಚಿಕಾಯಿ ತುಂಬುತ್ತಿದ್ದಳು. ಆಯಿ ಅಟ್ಟದಿಂದ ಗಂಗಾಳ ಇಳಿಸಿ, ಆರತಿಗೆ ಬೇಕು, ಹುಣಸೆಹಣ್ಣು ಹಚ್ಚಿ ತಿಕ್ಕು ಎಂದು ನನ್ನ ಮುಂದೆ ಇಟ್ಟಳು. ಮಹಾನವಮಿಗೆ ಇಳಿಸಿ ಮತ್ತೆ ಏರಿಸಿದ್ದ ಗಂಗಾಳ ಅದು. ಹಿತ್ತಲ ಕಲ್ಲಿನ ಮೇಲೆ ಕೂತು ತಿಕ್ಕಿದೆ. ತೊಳೆದು ಎತ್ತುವಾಗ ಕೈ ಜಾರಿ ಅಂಚು ಕಲ್ಲಿಗೆ ತಾಗಿತು. ಗಂಗಾಳ ನುಡಿಯಿತು. ಅದು ನನ್ನ ಸಾ. ಎಷ್ಟೋ ದಿನದಿಂದ ಬೈಸಿಕೊಂಡ, ಗೆರೆ ಎಳೆಸಿಕೊಂಡ, ಅದೇ ಸಾ. ಯಾರೂ ಇಲ್ಲದ್ದನ್ನು ನೋಡಿಕೊಂಡು ಮೆಲ್ಲಗೆ ಬಾಯಿ ತೆರೆದೆ. ಎರಡೂ ಕೂಡಿದವು.

ಈ ಕಥೆ ಕೇಳಿದವರು ಇಲ್ಲಿಗೆ ಬಂದಾಗ ನಾನು ಜಾಣೆ ಎನ್ನುತ್ತಾರೆ. ಜಾಣತನ ಸುಡುಗಾಡು! ಪೇಟಿ ತಪ್ಪಿದೆ ಎಂದು ನನಗೆ ಹೊಳೆಯಲೇ ಇಲ್ಲ. ಪೇಟಿ ಸುಳ್ಳು ಹೇಳುವುದಿಲ್ಲವಲ್ಲ. ನನಗೆ ಹೊಳೆದದ್ದು ಇಷ್ಟೇ: ಅಯ್ಯೋ ಪಾಪ, ಗಂಗಾಳವೂ ನನ್ನ ಹಾಗೆಯೇ ಕೆಟ್ಟಿದೆ. ಕೆಟ್ಟದ್ದು ನಾನೊಬ್ಬಳೇ ಅಲ್ಲ ಎಂಬುದೇ ಎಷ್ಟು ದೊಡ್ಡ ಸಮಾಧಾನವಾಯಿತೆಂದರೆ ಒದ್ದೆ ಗಂಗಾಳವನ್ನು ಎದೆಗವಚಿಕೊಂಡು ಪಡಸಾಲೆಗೆ ಓಡಿದೆ. ಅಪ್ಪ ಹೊಸ ಧೋತರ ಉಟ್ಟು, ಪೇಟಿಯ ಮುಂದೆ ಸುಮ್ಮನೆ ಕೂತಿದ್ದ. ನುಡಿಸುತ್ತಿರಲಿಲ್ಲ.

“ಅಪ್ಪಾ, ಗಂಗಾಳದ ದನೀನೂ ಇಳದೈತ್ರಿ.”

“ಏನಂದಿ?”

“ಗಂಗಾಳರಿ. ನನ್ನಂಗ ಅದೂ ಇಳದೈತಿ. ಪೇಟಿಗೆ ಕೂಡೂದಿಲ್ಲ ನೋಡ್ರಿ.”

ಅಪ್ಪ ನಕ್ಕ. ಎಷ್ಟೋ ದಿನದ ಮೇಲೆ ನಕ್ಕಿದ್ದ.

“ಹುಚ್ಚಿ, ಕಂಚಿಗೆ ವಯಸ್ಸಾಗತೈತೇನು? ಅದ ಹ್ಯಾಂಗ ಇಳೀತ—”

ಮಾತು ಅಲ್ಲೇ ನಿಂತಿತು. ಅಪ್ಪ ನನ್ನ ಮುಖ ನೋಡಿದ, ಗಂಗಾಳ ನೋಡಿದ. ಕೈಚಾಚಿ ಇಸಿದುಕೊಂಡು, ಧೋತರದ ಚುಂಗಿನಿಂದ ಒರೆಸಿ, ಅಂಗೈ ಮೇಲೆ ಇಟ್ಟುಕೊಂಡು ಗೆಣ್ಣಿನಿಂದ ಬಡಿದ. ಅದು ನುಡಿಯುತ್ತಿದ್ದಂತೆಯೇ ಇನ್ನೊಂದು ಕೈಯಿಂದ ತಿದಿಗೆ ಗಾಳಿ ಹಾಕಿ ಕರಿ ಒಂದು ಒತ್ತಿದ. ಕಟ್! ಅದೇ ಕಲ್ಲು. ಮತ್ತೆ ಬಡಿದ, ಮತ್ತೆ ಒತ್ತಿದ. ಆಮೇಲೆ ಕರಿ ಒಂದನ್ನು ಬಿಟ್ಟು ಅದರ ಕೆಳಗಿನ ಬಿಳಿ ಒಂದು ಒತ್ತಿದ. ಗಂಗಾಳವೂ ಪೇಟಿಯೂ ಬೆಣ್ಣೆಯ ಹಾಗೆ ಕೂಡಿದವು. ಅಪ್ಪನ ಹಣೆಯ ಮೇಲೆ ಬೆವರು ಮೂಡಿದ್ದು ನನಗೆ ಕಂಡಿತು.

ಆ ಪೇಟಿ ಪಟ್ಟಿ ಸರಿಸುವ ಪೇಟಿ. ಅಂದರೆ ಹಾಡುವವರ ದನಿಗೆ ತಕ್ಕಂತೆ ಪಟ್ಟಿಗಳ ಸಾಲನ್ನೇ ಅತ್ತಿತ್ತ ಒಂದೊಂದು ಮನೆ ಜರುಗಿಸಿಕೊಳ್ಳಬಹುದು. ಆಗ ಅದೇ ಪಟ್ಟಿ ಬೇರೆ ಸ್ವರ ನುಡಿಯುತ್ತದೆ. ಅಪ್ಪನಿಗೆ ಆ ಸೌಲಭ್ಯವೆಂದರೆ ಆಗದು, ಅದು ಕಳ್ಳರ ದಾರಿ ಎನ್ನುತ್ತಿದ್ದ. ಪೇಟಿ ತಂದ ದಿನವೇ ಸಾಲನ್ನು ಸರಿಯಾದ ಮನೆಯಲ್ಲಿ ನಿಲ್ಲಿಸಿ, ಸವೆದ ಕೀಲು ಜಾರದಿರಲೆಂದು ಬಲಗಡೆಯ ಸಂದಿಯಲ್ಲಿ ಮಡಚಿದ ರಟ್ಟಿನ ಚೂರೊಂದನ್ನು ತುರುಕಿ ಮರೆತುಬಿಟ್ಟಿದ್ದ. ಈಗ ಮೇಲಿನ ಹಲಗೆ ಎತ್ತಿ ನೋಡಿದರೆ ಸಂದಿ ಖಾಲಿ. ಪಟ್ಟಿಯ ಸಾಲು ಒಂದು ಮನೆ, ಅಂದರೆ ಅರ್ಧ ಸ್ವರ, ಬಲಕ್ಕೆ ಜರುಗಿ ಕೂತಿತ್ತು.

“ಯವ್ವಾ! ಇಲ್ಲೊಂದ ರಟ್ಟಿನ ಚೂರ ಇತ್ತಲ್ಲ, ಏನಾತು?”

ಆಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಹಿಂದೆಯೇ ಅವ್ವ.

“ರಟ್ಟ? ಓ, ಅದಾ? ಯಾರದೋ ಲಗ್ನಪತ್ರಿಕಿ ಚೂರು. ಖಂಡೆ ಪೂಜಿಗೆ ಒರಸಾಕತ್ತಾಗ ಸಿಕ್ತು, ಕಸಾ ಅಂತ ಒಲಿಗೆ ಹಾಕಿದ್ನಿ. ಪಟ್ಟಿ ಅಲ್ಲಾಡಿದ್ವು, ಒಂದೀಟ ಅತ್ಲಾಗ ನೂಕಿ ಅಡ್ಯಾಗೂ ಸ್ವಚ್ಛ ಮಾಡಿದ್ನಿ. ಯಾಕ, ಹೊಲಸ ಉಳದೈತೇನು?”

ಅಪ್ಪ ಖಾಲಿ ಸಂದಿಯಲ್ಲಿ ಬೆರಳಾಡಿಸಿದ. ಅವನ ಮುಖ ನೋಡಿ ಆಯಿಗೆ ಏನೋ ಆಗಿದೆ ಎಂದು ತಿಳಿಯಿತು, ಆದರೆ ತಪ್ಪು ಒಪ್ಪುವ ಪೈಕಿ ಅಲ್ಲ ಅವಳು.

“ಅಷ್ಟ ಮಹತ್ವದ್ದಿದ್ರ ಅದರ ಮ್ಯಾಲೆ ಬರದಿಡಬೇಕಿಲ್ಲೇನು? ನನಗೇನ ಕನಸ ಬಿದ್ದಿತ್ತ?”

ಅವ್ವನಿಗೆ ಎಲ್ಲವೂ ಒಂದೇ ಏಟಿಗೆ ಅರ್ಥವಾಯಿತು. ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಗತೊಡಗಿದಳು. ಮೊದಲು ಸಣ್ಣಗೆ, ಆಮೇಲೆ ಮೈ ಕುಲುಕಿ. ಕಷಾಯ ಕುಡಿದ ಮಕ್ಕಳು, ಸುತ್ತಿಗೆಯ ಬಸು, ಆಯಿಯ ಕೊಬ್ಬರಿ ಬೆಲ್ಲ, ಎಲ್ಲ ನೆನಪಾಗಿರಬೇಕು. ಆಯಿಗೂ ನಗು ತಡೆಯಲಿಲ್ಲ. ನಾನು ಮಾತ್ರ ಅಪ್ಪನನ್ನು ನೋಡುತ್ತಿದ್ದೆ. ಅಪ್ಪ ಗಂಗಾಳವನ್ನು ತೊಡೆಯ ಮೇಲೆ ಇಟ್ಟುಕೊಂಡು ತಲೆ ಬಗ್ಗಿಸಿದ್ದ. ಅವನ ಭುಜ ಅಲುಗುತ್ತಿತ್ತು. ಅವನೂ ನಗುತ್ತಿದ್ದಾನೆ ಎಂದುಕೊಂಡೆ. ತಲೆ ಎತ್ತಿದಾಗ ಕೆನ್ನೆ ಒದ್ದೆಯಾಗಿತ್ತು.

“ನಾನ ಕೆಡಸೀನಿ ಅನಕೊಂಡಿದ್ನೆವಾ. ಏಳ ವರ್ಷದ ಕೂಸಿನ ಕಡಿಂದ ದಿನಾ ಸಾ ಹಾಕಿಸಿ ಹಾಕಿಸಿ, ಗಂಟಲಾ ನಾನ ಹಾಳ ಮಾಡೀನಿ ಅನಕೊಂಡಿದ್ನಿ. ಇಪ್ಪತ್ತ ದಿನ ಆತು, ತುತ್ತ ಇಳದಿಲ್ಲ. ಯಾರ ಮುಂದ ಹೇಳ್ಲಿ? ನಿಮ್ಮವ್ವಗ ಹ್ಯಾಂಗ ಹೇಳ್ಲಿ?”

ಅವ್ವನ ನಗು ನಿಂತಿತು. ನನಗೆ ಹಗುರಾಯಿತು, ಮೈಯೆಲ್ಲ ಹಗುರಾಯಿತು, ಜ್ವರ ಬಿಟ್ಟ ಬೆಳಗಿನ ಹಾಗೆ. ನನ್ನ ಕಿವಿ ಸರಿಯಿದೆ, ಬಸ್ಸಿನ ಹಾರ್ನು ಬಿಳಿ ಆರೇ, ಜಗತ್ತೆಲ್ಲ ತನ್ನ ತನ್ನ ಜಾಗದಲ್ಲಿದೆ. ಆದರೆ ಅದರ ಬೆನ್ನಿಗೇ ಸಿಟ್ಟೂ ಬಂತು, ಮುಚ್ಚಿಡುವುದೇಕೆ.

“ಹಂಗಾರ ನನಗ ಯಾಕ ಬೈದ್ರಿ?”

ಅಪ್ಪ ಧೋತರದ ಚುಂಗಿನಿಂದ ಕೆನ್ನೆ ಒರೆಸಿಕೊಂಡ. ನಿಜವಾದ ಉತ್ತರ ಹುಡುಕುತ್ತಿದ್ದ ಎಂದು ಕಾಣುತ್ತದೆ.

“ಅಂಜಿಕಿ ಬಂದ್ರ ನನಗ ಬಯ್ಯೂದ ಬರ್ತೈತವಾ. ಬ್ಯಾರೆ ಏನೂ ಬರೂದಿಲ್ಲ.”

ನಾನು ಬದುಕಿನಲ್ಲಿ ಕೇಳಿದ ಕ್ಷಮಾಪಣೆಗಳಲ್ಲಿ ಅದಕ್ಕಿಂತ ಪ್ರಾಮಾಣಿಕವಾದದ್ದು ಇಲ್ಲ. ಆಗ ಅದು ಕ್ಷಮಾಪಣೆ ಎಂದೂ ಗೊತ್ತಾಗಲಿಲ್ಲ. ಅವ್ವ ಬಂದು ಅಪ್ಪನ ಕೈಯಿಂದ ಗಂಗಾಳ ತೆಗೆದುಕೊಂಡು, ಆರತಿಗೆ ಹೊತ್ತಾಯಿತು, ಏಳಿ ಎಂದಳು. ಆ ದಿನ ಅಪ್ಪ ಏಳು ಕರಚಿಕಾಯಿ ತಿಂದ. ಆಯಿ ಎಣಿಸಿದ್ದಳು.

ಪರೀಕ್ಷೆಯ ಅರ್ಜಿ ಆಗಲೇ ಮುದ್ದೇಬಿಹಾಳ ಸೇರಿತ್ತು. ನನ್ನ ಹೆಸರು ಸೇರಿಸಿಕೊಳ್ಳಿರೆಂದು ಹೋಗಿ ಕೈಮುಗಿಯುತ್ತೇನೆ ಎಂದು ಅಪ್ಪ ಹೊರಟು ನಿಂತಾಗ ನಾನೇ ಬೇಡವೆಂದೆ. ಶಾಂತಾ ಹೋಗಲಿ, ನಾನು ಮುಂದಿನ ವರ್ಷ ಹೋಗುತ್ತೇನೆ ಎಂದೆ. ತ್ಯಾಗ ಗೀಗ ಏನೂ ಅಲ್ಲ. ಕಿವಿ ವಾಪಸ್ಸು ಸಿಕ್ಕ ಸಂತೋಷದಲ್ಲಿ ಪರೀಕ್ಷೆ ಎಂಬುದು ತೀರ ಸಣ್ಣ ಸಂಗತಿಯಾಗಿ ಕಂಡಿತ್ತು. ಮುಂದಿನ ವರ್ಷ ಹೋದೆ, ಪಾಸಾದೆ, ಅದರ ಬಗ್ಗೆ ಹೆಚ್ಚೇನೂ ನೆನಪಿಲ್ಲ.

ನೆನಪಿರುವುದು ಹಬ್ಬ ಮುಗಿಸಿ ಮಕ್ಕಳೆಲ್ಲ ಮರಳಿ ಬಂದ ಬೆಳಿಗ್ಗೆ. ಊರಿಂದ ತಂದ ಚಕ್ಕಲಿಯ ವಾಸನೆ ಇನ್ನೂ ಅವರ ಅಂಗಿಗಳಲ್ಲಿತ್ತು. ಅಪ್ಪ ಪಟ್ಟಿಯ ಸಾಲನ್ನು ಸರಿಯಾದ ಮನೆಗೆ ತಂದು, ಹೊಸ ರಟ್ಟು ತುರುಕಿ, ಈ ಸಲ ಅದರ ಮೇಲೆ ‘ತೆಗೆಯಬಾರದು’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದ. ಆಯಿಗೆ ಓದಲಿಕ್ಕೆ ಬರುತ್ತಿರಲಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಎಲ್ಲರೂ ಕೂತ ಮೇಲೆ ಅಪ್ಪ ಗಂಟಲು ಸರಿಮಾಡಿಕೊಂಡ.

“ಹುಡುಗೂರ, ನವಮಿಯಿಂದ ಇಲ್ಲೀತನಕ ನಾವೆಲ್ಲಾ ಅರ್ಧ ಸ್ವರ ಮ್ಯಾಲೆ ಹಾಡೀವಿ. ತಪ್ಪ ಪೇಟೀದು.” ಪೇಟಿಯ ಮೇಲಿನ ಕೈ ತೆಗೆದ. “ಪೇಟೀದಲ್ಲ, ನಂದು. ನೀಲಾನ ಸಾ ಸರಿ ಇತ್ತು.”

“ಅದಕ್ಕರಿ ಸರ ನನ್ನ ತಬಲಾ!” ಎಂದು ಬಸು ಕೂಗಿದ. ಎಲ್ಲರೂ ಗೊಳ್ಳೆಂದರು. ಕನ್ನೊಳ್ಳಿಯ ಹುಡುಗನೊಬ್ಬ ತನ್ನ ಗಂಟಲು ಮುಟ್ಟಿ ನೋಡಿಕೊಂಡ. ಶಾಂತಾ ಯಾರೂ ಹೇಳದೆಯೇ ಮೊದಲ ಸಾಲಿನಿಂದ ಎದ್ದು ಬಂದು, ನನ್ನ ರಟ್ಟೆ ಹಿಡಿದು ಎಬ್ಬಿಸಿ, ಹೋಗೇ ಎಂದು ಮುಂದೆ ನೂಕಿ, ನನ್ನ ಜಾಗದಲ್ಲಿ ತಾನು ಕೂತಳು. ಅವಳ ಮುಖದಲ್ಲಿ ನನಗಿಂತ ದೊಡ್ಡ ನಿರಾಳ ಇತ್ತು.

ಪಡಸಾಲೆ ಸುಮ್ಮನಾಯಿತು. ಅಡುಗೆ ಮನೆಯಲ್ಲಿ ಆಯಿ, ಹೊರಡಬೇಕಾದ ಬಸ್ಸನ್ನು ಮರೆತು ಅವ್ವ, ಇಬ್ಬರೂ ನಡುಮನೆಯ ಬಾಗಿಲಿಗೆ ಬಂದು ನಿಂತಿದ್ದರು. ಕಣ್ಣು ಮುಚ್ಚಿದೆ. ಒಂದು ಕ್ಷಣ ಹೆದರಿಕೆಯಾಯಿತು, ಸುಳ್ಳೇಕೆ. ಆಮೇಲೆ ಬಾಯಿ ತೆರೆದೆ. ಸಾ ಎಲ್ಲಿರಬೇಕೋ ಅಲ್ಲಿತ್ತು. ಒಂದು ಉಸಿರು ಪೂರ್ತಿ ಹಿಡಿದೆ. ಪೇಟಿ ಬರಲಿಲ್ಲ. ಕಣ್ಣು ತೆರೆದು ನೋಡಿದರೆ ಅಪ್ಪನ ಬೆರಳು ಕರಿ ಒಂದರ ಮೇಲೆ ಇತ್ತು, ಒತ್ತಿರಲಿಲ್ಲ. ಅವನು ನನ್ನ ದನಿ ಕೇಳುತ್ತಿದ್ದ. ಇನ್ನೊಂದು ಉಸಿರು ತೆಗೆದುಕೊಂಡು ಮತ್ತೆ ಹಿಡಿದೆ. ಆಗ ಮೆಲ್ಲಗೆ ತಿದಿ ಎಳೆದು, ತನ್ನ ಸ್ವರವನ್ನು ನನ್ನ ಸ್ವರದ ಕೆಳಗೆ ತಂದಿಟ್ಟ. ಇಟ್ಟು, ನನ್ನ ಕಡೆ ನೋಡಿದ. ಐದು ವರ್ಷದಲ್ಲಿ ಒಮ್ಮೆಯೂ ನೋಡದವನು ನೋಡಿದ.

“ಕೂಡೈತೇನವಾ?”

ಹದಿಮೂರು ಮಕ್ಕಳ ಎದುರಿಗೆ ನಮ್ಮಪ್ಪ ನನ್ನನ್ನು ಕೇಳಿದ. ನಾನು ಲಗುಬಗೆಯಿಂದ ಉತ್ತರ ಕೊಡಲಿಲ್ಲ. ಪೇಟಿಯ ಗಾಳಿ ಮುಗಿಯುವವರೆಗೆ ಪೂರ್ತಿ ಕೇಳಿದೆ, ಕೇಳಿ ಖಾತ್ರಿ ಮಾಡಿಕೊಂಡೆ.

“ಕೂಡೈತ್ರಿ ಅಪ್ಪಾ.”

“ಹಂಗಾರ ಹಾಡೂಣು,” ಅಂದ ಅಪ್ಪ.